ಅರೆದ ಮಿದುಳಿನ ಅಳತೆ ಮತ್ತು ಒಂದು ‘ಆದ್ದರಿಂದ’

ರಾಯಚೂರು ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಾಡು. ದೇವದುರ್ಗ ಕೃಷ್ಣೆಯ ಮಗ್ಗುಲಿಗಿದೆ, ಮಾನ್ವಿ ತುಂಗಭದ್ರೆಯ ಕಡೆಗಿದೆ. ಎರಡು ದೊಡ್ಡ ನದಿಗಳಿದ್ದರೂ ಈ ತಾಲ್ಲೂಕುಗಳ ಅನೇಕ ಹಳ್ಳಿಗಳು ಬಹುಕಾಲ ಕುಡಿದದ್ದು ಬಾವಿ, ಕೊಳವೆಬಾವಿಗಳ ನೀರನ್ನು. ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ಆ ನೀರಿಗೆ ಇಳಿಯುತ್ತದೆ. ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಜಿಲ್ಲೆಯ ಹಲವು ಕೊಳವೆಬಾವಿಗಳು ಈ ಎರಡನೆಯ ಗೆರೆಯನ್ನೂ ದಾಟಿವೆ.

ಇದು ನಿಮಗೆ ಹೊಸ ಸುದ್ದಿಯಲ್ಲ. ಆದರೆ ಈಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ, ವಿಚಾರ ಸಂಕಿರಣಗಳ ಭಿತ್ತಿಪತ್ರಗಳಲ್ಲಿ ಒಂದು ಬಗೆಯ ವಾಕ್ಯ ಮತ್ತೆ ಮತ್ತೆ ಕಾಣುತ್ತಿದೆ. ಅದರ ಸಾರ ಹೀಗೆ: ಫ್ಲೋರೈಡ್ ನೀರು ಕುಡಿಸಿದ ಇಲಿಗಳ ಮಿದುಳಿನಲ್ಲಿ ಗ್ಲುಟಮೇಟ್, ಗಾಬಾ ಮೊದಲಾದ ನರಪ್ರೇಷಕ ಅಮೈನೊ ಆಮ್ಲಗಳ ಪ್ರಮಾಣ ಏರುಪೇರಾದುದು ಎಚ್.ಪಿ.ಎಲ್.ಸಿ. ಉಪಕರಣದಿಂದ ಸಿದ್ಧವಾಗಿದೆ, ಆದ್ದರಿಂದ ಈ ಭಾಗದ ಮಕ್ಕಳ ಬುದ್ಧಿಶಕ್ತಿ ಕುಂಠಿತವಾಗಿದೆ. ವಾಕ್ಯದ ಮೊದಲರ್ಧ ಒಂದು ರಾಸಾಯನಿಕ ಅಳತೆ. ಎರಡನೆಯ ಅರ್ಧ ನಮ್ಮ ನಿಮ್ಮ ತರಗತಿಯಲ್ಲಿ ಕುಳಿತಿರುವ ಮಕ್ಕಳ ಮೇಲಿನ ತೀರ್ಪು. ನಡುವೆ ಒಂದು ‘ಆದ್ದರಿಂದ’ ಇದೆ. ಈ ಲೇಖನದ ತಕರಾರು ಆ ಒಂದು ಪದದ ಮೇಲೆ.

ನಾನು ಭೌತವಿಜ್ಞಾನದವನು, ಮಿದುಳು ನನ್ನ ಕ್ಷೇತ್ರವಲ್ಲ. ಆದರೆ ಅಳತೆ ಎಂಬುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ವಿಷಯ. ಒಂದು ಸಂಖ್ಯೆ ಯಾವುದರ ಸಂಖ್ಯೆ, ಯಾವ ಕ್ಷಣದ ಸಂಖ್ಯೆ, ಎಷ್ಟು ನಂಬಬೇಕಾದ ಸಂಖ್ಯೆ ಎಂದು ಕೇಳಲು ನರವಿಜ್ಞಾನದ ಪದವಿ ಬೇಕಿಲ್ಲ.

ಕಾಗದದ ಮೇಲಿನ ಒಂದು ಕಲೆ

ಮೊದಲು ಈ ವಿಧಾನದ ದೊಡ್ಡಸ್ತಿಕೆಯನ್ನು ಒಪ್ಪಿಕೊಳ್ಳೋಣ. ಗಾಬಾ ಮಿದುಳಿನಲ್ಲಿದೆ ಎಂದು ತಿಳಿದದ್ದೇ ವರ್ಣರೇಖನದಿಂದ, ಅಂದರೆ ಕ್ರೊಮಟೋಗ್ರಫಿಯಿಂದ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಯೂಜೀನ್ ರಾಬರ್ಟ್ಸ್ ಇಲಿಗಳ ವಿವಿಧ ಅಂಗಾಂಶಗಳ ಸಾರವನ್ನು ಸೋಸುಕಾಗದದ ಮೇಲೆ ಹರಿಸಿ, ನಿನ್‌ಹೈಡ್ರಿನ್ ಸಿಂಪಡಿಸಿ, ಅಮೈನೊ ಆಮ್ಲಗಳ ನೇರಳೆ ಕಲೆಗಳನ್ನು ಹೋಲಿಸುತ್ತಿದ್ದರು. ಅವರಿಗೆ ಬೇಕಿದ್ದುದು ಗಂತಿಗಳ ಬಗೆಗಿನ ಮಾಹಿತಿ. ಮಿದುಳಿನ ಸಾರದಲ್ಲಿ ಮಾತ್ರ ಎದ್ದು ಕಾಣುವ, ಹೆಸರು ತಿಳಿಯದ ಒಂದು ಕಲೆ ಸಿಕ್ಕಿತು. 1950ರಲ್ಲಿ ರಾಬರ್ಟ್ಸ್ ಮತ್ತು ಫ್ರಾಂಕೆಲ್ ಅದನ್ನು ಗಾಮಾ ಅಮೈನೊ ಬ್ಯುಟಿರಿಕ್ ಆಮ್ಲ ಎಂದು ಪ್ರಕಟಿಸಿದರು. ಅದೇ ವರ್ಷ ಅವಪಾರ ಮತ್ತು ಸಂಗಡಿಗರೂ ಬೇರೆಯಾಗಿ ಅದನ್ನೇ ವರದಿ ಮಾಡಿದರು. ಕಾಗದದ ವರ್ಣರೇಖನವನ್ನು ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ರೂಪಿಸಿದ್ದು 1944ರಲ್ಲಿ. ಹೊಸ ಉಪಕರಣ ಬಂದು ಆರು ವರ್ಷಗಳಲ್ಲಿ ಮಿದುಳಿನ ಒಂದು ಮುಖ್ಯ ವಸ್ತು ಬೆಳಕಿಗೆ ಬಂತು. ಇದು ಸಣ್ಣ ಸಾಧನೆಯಲ್ಲ.

ಆದರೆ ಕತೆಯ ಮುಂದಿನ ಭಾಗವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಗಾಬಾ ಇದೆ, ಇಷ್ಟಿದೆ ಎಂದು ತಿಳಿದ ಮೇಲೂ ಅದು ಏನು ಮಾಡುತ್ತದೆ ಎಂಬುದು ತಿಳಿದಿರಲಿಲ್ಲ. 1957ರಲ್ಲಿ ಬೇಝ್‌ಮೋರ್, ಎಲಿಯಟ್, ಫ್ಲೋರಿ ಅವರು ಮಿದುಳಿನ ಸಾರದಲ್ಲಿದ್ದ, ಸಿಹಿನೀರಿನ ಸೀಗಡಿಯಂಥ ಪ್ರಾಣಿಯ ನರದ ಮಿಡಿತವನ್ನು ತಡೆಯುವ ಅಂಶ ಗಾಬಾವೇ ಎಂದು ತೋರಿಸಿದರು. 1963ರಲ್ಲಿ ಕ್ರಾವಿಟ್ಜ್, ಕುಫ್ಲರ್, ಪಾಟರ್ ಅವರು ಲಾಬ್‌ಸ್ಟರ್ ಎಂಬ ಕಡಲ ಪ್ರಾಣಿಯ ಒಂದೊಂದೇ ನರತಂತುವನ್ನು ಬಿಡಿಸಿ ತೆಗೆದು, ತಡೆಯೊಡ್ಡುವ ತಂತುವಿನಲ್ಲಿ ಗಾಬಾ ಹೇರಳವಾಗಿದೆ, ಪ್ರಚೋದಿಸುವ ತಂತುವಿನಲ್ಲಿ ಅತ್ಯಲ್ಪ ಎಂದು ಕಂಡರು. 1966ರಲ್ಲಿ, ಆ ನರವನ್ನು ಮಿಡಿಸಿದಾಗ ಗಾಬಾ ಹೊರಬೀಳುತ್ತದೆ ಎಂಬುದೂ ಸಿದ್ಧವಾಯಿತು. ಗಮನಿಸಿ: ನಿರ್ಣಾಯಕವಾದ ಪ್ರಯೋಗಗಳಲ್ಲಿ ಅಂಗಾಂಶವನ್ನು ಒಟ್ಟಾಗಿ ಅರೆಯಲಿಲ್ಲ. ಯಾವ ತಂತು, ಯಾವ ಕ್ಷಣ ಎಂಬ ಎರಡು ಪ್ರಶ್ನೆಗಳನ್ನು ಬಿಡದೆ ಹಿಡಿದುಕೊಂಡರು.

ಗ್ಲುಟಮೇಟಿನ ಕತೆ ಇನ್ನೂ ಸ್ವಾರಸ್ಯದ್ದು. ಅದು ನರಕೋಶಗಳನ್ನು ಪ್ರಚೋದಿಸುತ್ತದೆ ಎಂದು 1950ರ ದಶಕದಲ್ಲೇ ಜಪಾನಿನ ಹಯಾಶಿ, ಆಸ್ಟ್ರೇಲಿಯದ ಕರ್ಟಿಸ್ ಮತ್ತು ವಾಟ್ಕಿನ್ಸ್ ಮುಂತಾದವರು ಕಂಡಿದ್ದರು. ಆದರೂ ಅದನ್ನು ನರಪ್ರೇಷಕವೆಂದು ಒಪ್ಪಲು ವಿಜ್ಞಾನಿಗಳು ಬಹಳ ವರ್ಷ ಹಿಂಜರಿದರು. ಒಂದು ಮುಖ್ಯ ಕಾರಣ, ಅದು ಮಿದುಳಿನಲ್ಲಿ ವಿಪರೀತ ಹೆಚ್ಚಾಗಿ, ಎಲ್ಲೆಲ್ಲೂ ಇದ್ದದ್ದು! ಪ್ರೋಟೀನು ಕಟ್ಟಲು ಬೇಕು, ಶಕ್ತಿ ಉತ್ಪಾದನೆಯ ಚಕ್ರದಲ್ಲಿ ಬೇಕು, ಅಮೋನಿಯವನ್ನು ಹಿಡಿದಿಡಲು ಬೇಕು, ಗಾಬಾ ತಯಾರಿಕೆಗೂ ಅದೇ ಕಚ್ಚಾವಸ್ತು. ಇಂಥ ಸರ್ವಕಾರ್ಯದ ವಸ್ತು ಸಂದೇಶವಾಹಕವೂ ಆಗಿರಬಹುದೆಂದು ನಂಬುವುದು ಹೇಗೆ? ಅಂದರೆ ಒಟ್ಟು ಪ್ರಮಾಣದ ಅಳತೆ ಕಾರ್ಯವನ್ನು ತಿಳಿಸಲಿಲ್ಲ. ಬದಲಿಗೆ ಅದನ್ನು ಮರೆಮಾಡಿತು.

ಉಪಕರಣ ಏನು ಮಾಡುತ್ತದೆ?

ಎಚ್.ಪಿ.ಎಲ್.ಸಿ.ಯ ತಿರುಳು ಸರಳ. ರಾಯಚೂರಿನಿಂದ ಮಾನ್ವಿಗೆ ಒಂದೇ ಹೊತ್ತಿಗೆ ಎರಡು ಬಸ್ಸು ಹೊರಟವೆನ್ನಿ. ಒಂದು ನೇರ ಹೋಗುತ್ತದೆ, ಇನ್ನೊಂದು ದಾರಿಯ ಪ್ರತಿ ಹಳ್ಳಿಯಲ್ಲೂ ನಿಲ್ಲುತ್ತದೆ. ಚಲಿಸುವಾಗ ಎರಡರ ವೇಗ ಒಂದೇ. ಆದರೆ ನಿಂತ ಹೊತ್ತು ಬೇರೆ. ಹಾಗಾಗಿ ತಲಪುವ ಹೊತ್ತು ಬೇರೆ. ಇಲ್ಲಿ ರಸ್ತೆ ಎಂದರೆ ಸುಮಾರು 25 ಸೆಂಟಿಮೀಟರ್ ಉದ್ದದ, ಐದು ಮೈಕ್ರೋಮೀಟರ್ ಗಾತ್ರದ ಸಿಲಿಕಾ ಕಣಗಳನ್ನು ಒತ್ತಿ ತುಂಬಿದ ಉಕ್ಕಿನ ಸ್ತಂಭ. ಕಣಗಳ ಮೈಗೆ ಹದಿನೆಂಟು ಇಂಗಾಲದ ಸರಪಳಿಗಳನ್ನು ಜೋಡಿಸಿರುತ್ತಾರೆ. ಮೆಥನಾಲ್ ಬೆರೆತ ಲವಣದ್ರಾವಣವನ್ನು ಭಾರಿ ಒತ್ತಡದಿಂದ ಅದರೊಳಗೆ ನೂಕುತ್ತಾರೆ. ಸರಪಳಿಗಳಿಗೆ ಹೆಚ್ಚು ಅಂಟುವ ಅಣುಗಳು ತಡವಾಗಿ ಹೊರಬರುತ್ತವೆ. ಈ ತಂಗುವ ಕಾಲವೇ ಗುರುತು, ಶಿಖರದ ವಿಸ್ತೀರ್ಣವೇ ಪ್ರಮಾಣ.

ಗ್ಲುಟಮೇಟ್, ಗಾಬಾ, ಗ್ಲೈಸೀನ್‌ಗಳಿಗೆ ಬಣ್ಣವಿಲ್ಲ, ಬೆಳಕು ಸೂಸುವ ಗುಣವೂ ಇಲ್ಲ. ಆದ್ದರಿಂದ ಸ್ತಂಭಕ್ಕೆ ಹಾಕುವ ಮುನ್ನ ಆರ್ಥೊ ಥ್ಯಾಲಾಲ್ಡಿಹೈಡ್ ಎಂಬ ವಸ್ತುವಿನೊಡನೆ, ಗಂಧಕವುಳ್ಳ ಒಂದು ಥಯಾಲ್ ಸಂಯುಕ್ತದ ಸಮ್ಮುಖದಲ್ಲಿ, ವರ್ತಿಸಲು ಬಿಡುತ್ತಾರೆ. 1971ರಲ್ಲಿ ರಾತ್ ಎಂಬುವರು ಕಂಡುಹಿಡಿದ ವರ್ತನೆ ಇದು. ಹುಟ್ಟುವ ಸಂಯುಕ್ತ ಅತಿನೇರಳೆ ಬೆಳಕನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತದೆ. ಇದರ ಸೂಕ್ಷ್ಮತೆ ಅದ್ಭುತ. ಲೆಕ್ಕ ಹಾಕಿ ನೋಡಿ: ಇಲಿಯ ಮಿದುಳಿನಲ್ಲಿ ಗ್ಲುಟಮೇಟ್ ಗ್ರಾಮಿಗೆ ಸುಮಾರು 10 ಮೈಕ್ರೋಮೋಲ್. 50 ಮಿಲಿಗ್ರಾಂ ಅಂಗಾಂಶವನ್ನು 1 ಮಿಲಿಲೀಟರ್ ಪರ್‌ಕ್ಲೋರಿಕ್ ಆಮ್ಲದಲ್ಲಿ ಅರೆದರೆ ಅದರಲ್ಲಿ 0.5 ಮೈಕ್ರೋಮೋಲ್. ನೂರು ಪಟ್ಟು ತೆಳುಮಾಡಿ 20 ಮೈಕ್ರೋಲೀಟರ್ ಹಾಕಿದರೆ ಸ್ತಂಭಕ್ಕೆ ಹೋಗುವುದು 100 ಪಿಕೋಮೋಲ್, ಅಂದರೆ ಮೋಲಿನ ಹತ್ತು ಶತಕೋಟಿಯಲ್ಲಿ ಒಂದು ಭಾಗ. ಅಷ್ಟನ್ನೂ ಉಪಕರಣ ನಿರಾಯಾಸವಾಗಿ ಕಾಣುತ್ತದೆ.

ಈ ಸೂಕ್ಷ್ಮತೆಯೇ ಮೋಸಹೋಗಲು ಅವಕಾಶ ಕೊಡುತ್ತದೆ. ಕಾಣುವ ಶಕ್ತಿ ಬೇರೆ, ಬೇರ್ಪಡಿಸುವ ಶಕ್ತಿ ಬೇರೆ. ಒಂದು ಶಿಖರ 12.0 ನಿಮಿಷಕ್ಕೆ, ಇನ್ನೊಂದು 12.3 ನಿಮಿಷಕ್ಕೆ ಬಂತು. ಅರ್ಧ ಎತ್ತರದಲ್ಲಿ ಎರಡರ ಅಗಲವೂ 0.2 ನಿಮಿಷ ಎನ್ನೋಣ. ಸ್ತಂಭದ ದಕ್ಷತೆಯ ಸೂತ್ರಕ್ಕೆ ಹಾಕಿದರೆ ಸುಮಾರು 20,000 ಸೈದ್ಧಾಂತಿಕ ಫಲಕಗಳು ಎಂದು ಬರುತ್ತದೆ. ಕೇಳಲು ದೊಡ್ಡದು. ಆದರೆ ಬೇರ್ಪಡೆಯ ಅಂಕ, ಅಂದರೆ ಶಿಖರಗಳ ನಡುವಿನ ಅಂತರವನ್ನು 1.18ರಿಂದ ಗುಣಿಸಿ ಎರಡು ಅಗಲಗಳ ಮೊತ್ತದಿಂದ ಭಾಗಿಸಿದರೆ ಸಿಗುವುದು, ಬರೀ 0.89. ಬುಡದವರೆಗೆ ಬೇರ್ಪಡಲು ಅದು 1.5 ಇರಬೇಕು. ಹಾಗಾದರೆ ಎರಡು ಶಿಖರಗಳ ಬುಡ ಒಂದರೊಳಗೊಂದು ಸೇರಿದೆ. ಕಂಪ್ಯೂಟರ್ ಅವುಗಳ ನಡುವೆ ಒಂದು ನೆಟ್ಟನೆಯ ಗೆರೆ ಎಳೆದು ಎರಡು ಸಂಖ್ಯೆಗಳನ್ನು ದಶಮಾಂಶದ ಮೂರು ಸ್ಥಾನಗಳವರೆಗೆ ಛಾಪಿಸಿ ಕೊಡುತ್ತದೆ. ಆ ಗೆರೆಯನ್ನು ಯಾರೂ ನೋಡುವುದಿಲ್ಲ. ಪ್ರಬಂಧಗಳಲ್ಲಿ ಕೋಷ್ಟಕ ಇರುತ್ತದೆ. ಮೂಲ ವರ್ಣರೇಖೆಯ ಚಿತ್ರ ಇದ್ದರೂ ಅದು ಶುದ್ಧ ಮಾದರಿ ದ್ರಾವಣದ್ದು, ಮಿದುಳಿನದ್ದಲ್ಲ! ವಿದ್ಯಾರ್ಥಿಗಳೇ, ಇಂಥ ಪ್ರಬಂಧ ಓದುವಾಗ ಮೊದಲು ಹುಡುಕಬೇಕಾದದ್ದು ಕೋಷ್ಟಕವನ್ನಲ್ಲ, ಅಂಗಾಂಶದ ವರ್ಣರೇಖೆಯನ್ನು.

ಇನ್ನೊಂದು ಸೂಕ್ಷ್ಮ. ಗಾಬಾ ಮತ್ತು ಗ್ಲೈಸೀನ್‌ಗಳಿಂದ ಹುಟ್ಟುವ ಬೆಳಕು ಸೂಸುವ ಸಂಯುಕ್ತಗಳು ಅಸ್ಥಿರ, ನಿಮಿಷಗಳಲ್ಲೇ ಕ್ಷಯಿಸುತ್ತವೆ. ವರ್ತನೆಗೆ ಬಿಟ್ಟ ಕಾಲ ಒಂದು ಮಾದರಿಗೆ ಎರಡು ನಿಮಿಷ, ಇನ್ನೊಂದಕ್ಕೆ ಐದು ನಿಮಿಷ ಆದರೆ ಮಿದುಳಿನಲ್ಲಿ ಏನೂ ಬದಲಾಗದೆಯೂ ಗಾಬಾ ‘ಕಡಿಮೆಯಾಗುತ್ತದೆ’. ತಾನಾಗಿಯೇ ಬೆರೆಸಿ ಹಾಕುವ ಯಂತ್ರವಿದ್ದರೆ ಈ ತೊಂದರೆ ಇಲ್ಲ. ಕೈಯಿಂದ ಮಾಡುವ ಕಡೆ ಗಡಿಯಾರವೂ ಉಪಕರಣದ ಭಾಗವೇ. ಮಿದುಳಿನಲ್ಲಿ ಇಲ್ಲದ ಹೋಮೊಸೆರೀನಿನಂಥ ಅಮೈನೊ ಆಮ್ಲವನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸಿ, ದಾರಿಯಲ್ಲಿ ಆದ ನಷ್ಟವನ್ನು ಅದರಿಂದ ಅಳೆಯುವ ಕ್ರಮವಿದೆ. ಪ್ರಬಂಧದಲ್ಲಿ ಅದರ ಪ್ರಸ್ತಾಪವೇ ಇಲ್ಲದಿದ್ದರೆ ಅನುಮಾನಿಸಿ. ಎಡ-ಬಲ ರೂಪಗಳ ವಿಷಯವೂ ಇದೆ. 1990ರ ದಶಕದಿಂದ ಮಿದುಳಿನಲ್ಲಿ ಡಿ-ಸೆರೀನ್ ಎಂಬ, ಪ್ರೋಟೀನುಗಳಲ್ಲಿ ಬಳಕೆಯಾಗದ ಕನ್ನಡಿರೂಪ ಇರುವುದು, ಅದು ಗ್ಲುಟಮೇಟಿನ ಒಂದು ಗ್ರಾಹಕಕ್ಕೆ ನೆರವಾಗುವುದು ತಿಳಿದಿದೆ. ಸಾಮಾನ್ಯ ಸ್ತಂಭಕ್ಕೆ, ಸಾಮಾನ್ಯ ಥಯಾಲ್ ಬಳಸಿದಾಗ, ಎರಡೂ ರೂಪಗಳು ಒಂದೇ.

ಬೆಂಗಳೂರಿನ ಒಂದು ಒಳ್ಳೆಯ ಉದಾಹರಣೆ

ಬೇರ್ಪಡಿಸದೆ ಅಳೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಪಾಠವಿದೆ. ತೊಗರಿ ಬೆಳೆಯುವ ನಮ್ಮ ಕಡೆಯವರಿಗೆ ಕೇಸರಿ ಬೇಳೆಯ ಹೆಸರು ಕಲಬೆರಕೆಯ ಪಾಠದಿಂದ ಪರಿಚಯ. ಅದನ್ನೇ ತಿಂಗಳುಗಟ್ಟಲೆ ತಿಂದವರಿಗೆ ಕಾಲುಗಳ ಸ್ವಾಧೀನ ತಪ್ಪುವ ಲ್ಯಾಥಿರಿಸಂ ರೋಗ ಬರುತ್ತದೆ. ಅದಕ್ಕೆ ಕಾರಣವಾದ ವಿಷವಸ್ತುವನ್ನು 1964ರಲ್ಲಿ ಪ್ರತ್ಯೇಕಿಸಿ ಅದರ ರಚನೆ ಹೇಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ. ಚಿಕ್ಕದಾಗಿ ಅದನ್ನು ಓಡಾಪ್ ಎನ್ನುತ್ತಾರೆ. ಅದೂ ಒಂದು ಅಮೈನೊ ಆಮ್ಲ. ಗ್ಲುಟಮೇಟನ್ನು ಹೋಲುತ್ತದೆ, ಗ್ಲುಟಮೇಟಿನ ಗ್ರಾಹಕದ ಮೇಲೆ ಕುಳಿತು ನರಕೋಶವನ್ನು ಅತಿಯಾಗಿ ಕೆರಳಿಸುತ್ತದೆ.

1978ರಲ್ಲಿ ರಾವ್ ಅವರು ಓಡಾಪ್ ಅಳೆಯಲು ಸುಲಭದ ವರ್ಣಮಾಪನ ವಿಧಾನ ಕೊಟ್ಟರು. ಬಳಸಿದ್ದು ಮೇಲೆ ಹೇಳಿದ ಅದೇ ಆರ್ಥೊ ಥ್ಯಾಲಾಲ್ಡಿಹೈಡ್. ಸಾಧಾರಣ ಪ್ರಯೋಗಾಲಯದಲ್ಲೂ ಮಾಡಬಹುದಾದ ಈ ವಿಧಾನದಿಂದ ನೂರಾರು ತಳಿಗಳ ಕಾಳು ಪರೀಕ್ಷಿಸಲು ಸಾಧ್ಯವಾಯಿತು. ಆದರೆ ಓಡಾಪ್‌ಗೆ ಎರಡು ರೂಪಗಳಿವೆ: ವಿಷಕಾರಿಯಾದ ಬೀಟಾ ಮತ್ತು ಬಹುಮಟ್ಟಿಗೆ ನಿರಪಾಯಕಾರಿಯಾದ ಆಲ್ಫಾ. ಬೇಯಿಸಿದಾಗ ಬೀಟಾದ ಒಂದು ಪಾಲು ಆಲ್ಫಾ ಆಗುತ್ತದೆ. ವರ್ಣಮಾಪನದಲ್ಲಿ ಎರಡನ್ನೂ ಮೊದಲು ಒಡೆದು ಒಂದೇ ವಸ್ತುವಾಗಿಸುವುದರಿಂದ ಬಣ್ಣ ಎರಡಕ್ಕೂ ಒಂದೇ. ಬೇಯಿಸಿದ ಬೇಳೆಯಲ್ಲಿ ವಿಷ ಎಷ್ಟು ಉಳಿದಿದೆ ಎಂದು ಹೇಳಲು ದ್ರವ ವರ್ಣರೇಖನವೇ ಬೇಕಾಯಿತು. ಇಲ್ಲಿ ಉಪಕರಣಕ್ಕೆ ಕೇಳಿದ ಪ್ರಶ್ನೆ ಉಪಕರಣ ಉತ್ತರಿಸಬಲ್ಲ ಪ್ರಶ್ನೆಯೇ ಆಗಿತ್ತು: ಈ ಕಾಳಿನಲ್ಲಿ ಈ ಅಣು ಎಷ್ಟಿದೆ? ರೋಗದ ವಾದವನ್ನು ಅದೊಂದರ ಮೇಲೆ ನಿಲ್ಲಿಸಲಿಲ್ಲ. ರೋಗಿಗಳ ಆಹಾರ, ಕಾಳಿನಿಂದ ಬೇರ್ಪಡಿಸಿದ ಶುದ್ಧ ವಸ್ತು, ಮರಿಕೋಳಿಗಳಲ್ಲಿ ಅದರ ಪರಿಣಾಮ, ಗ್ರಾಹಕದ ಮೇಲಿನ ವರ್ತನೆ ಹೀಗೆ ಕೊಂಡಿಗಳು ಒಂದಕ್ಕೊಂದು ಸೇರಿದವು.

ಸತ್ತ ಮೇಲಿನ ನಿಮಿಷಗಳು

ಫ್ಲೋರೈಡ್ ಇಲಿಗಳಿಗೆ ಹಿಂತಿರುಗೋಣ. ಮಿದುಳನ್ನು ಅಳೆಯಬೇಕಾದರೆ ಪ್ರಾಣಿ ಸಾಯಬೇಕು. ಸಾವು ಒಂದು ಕ್ಷಣವಾದರೂ ಮಿದುಳಿನ ಕಿಣ್ವಗಳು ಆ ಕ್ಷಣಕ್ಕೆ ನಿಲ್ಲುವುದಿಲ್ಲ. ಗ್ಲುಟಮೇಟನ್ನು ಗಾಬಾ ಆಗಿ ಮಾರ್ಪಡಿಸುವ ಕಿಣ್ವಕ್ಕೆ ಆಮ್ಲಜನಕ ಬೇಕಿಲ್ಲ. ಅದು ಕೆಲಸ ಮುಂದುವರಿಸುತ್ತದೆ. ಗಾಬಾವನ್ನು ಕರಗಿಸುವ ದಾರಿ ಮಾತ್ರ ಉಸಿರಾಟ ನಿಂತೊಡನೆ ಕಟ್ಟಿಹೋಗುತ್ತದೆ. ಪರಿಣಾಮವಾಗಿ ಸತ್ತ ನಿಮಿಷಗಳಲ್ಲೇ ಗಾಬಾ ಗಮನಾರ್ಹವಾಗಿ ಏರುತ್ತದೆ. ಇದು ದಶಕಗಳಿಂದ ತಿಳಿದ ಸಂಗತಿ. ಇದನ್ನು ತಡೆಯಲು ಕೇಂದ್ರೀಕೃತ ಮೈಕ್ರೋವೇವ್‌ನಿಂದ ಕ್ಷಣಾರ್ಧದಲ್ಲಿ ಕಿಣ್ವಗಳನ್ನು ಬೇಯಿಸುವ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವ, ಅಥವಾ ಮರ್‌ಕ್ಯಾಪ್ಟೊ ಪ್ರೊಪಿಯಾನಿಕ್ ಆಮ್ಲದಿಂದ ಆ ಕಿಣ್ವವನ್ನು ತಡೆಯುವ ಕ್ರಮಗಳಿವೆ. ಕಾಕತಾಳೀಯವಾಗಿ ಈ ಕೊನೆಯದು ಬೆಳಕಿನ ವರ್ತನೆಗೆ ಬೇಕಾದ ಥಯಾಲ್‌ಗಳಲ್ಲೂ ಒಂದು.

ನೀವು ಓದುವ ಪ್ರಬಂಧದಲ್ಲಿ ಮಿದುಳನ್ನು ‘ಕೂಡಲೇ’ ಹೊರತೆಗೆಯಲಾಯಿತು ಎಂದಿರುತ್ತದೆ. ಕೂಡಲೇ ಎಂದರೆ ಎಷ್ಟು ಸೆಕೆಂಡು? ತಲೆಬುರುಡೆ ಬಿಡಿಸಿ, ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗವನ್ನು ಬೇರ್ಪಡಿಸಿ, ತೂಕ ಮಾಡುವ ಹೊತ್ತಿಗೆ ಪಳಗಿದ ಕೈಗೂ ಕೆಲವು ನಿಮಿಷಗಳು ಬೇಕು. ಹೋಲಿಕೆಯ ಗುಂಪನ್ನೆಲ್ಲ ಮೊದಲು ಮುಗಿಸಿ, ಫ್ಲೋರೈಡ್ ಗುಂಪನ್ನು ಕೈ ಸೋತ ಮೇಲೆ ಎತ್ತಿಕೊಂಡರೆ ಎರಡು ಗುಂಪುಗಳ ನಡುವೆ ಗಾಬಾದಲ್ಲಿ ವ್ಯತ್ಯಾಸ ಹುಟ್ಟಲು ಫ್ಲೋರೈಡೇ ಬೇಕಿಲ್ಲ. ಮನುಷ್ಯರ ಮಿದುಳಿನ ವಿಷಯದಲ್ಲಿ ಈ ಕಷ್ಟ ಗಂಟೆಗಳ ಲೆಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳಿನ ಅಂಗಾಂಶ ಭಂಡಾರವಿದೆ. ಮರಣಕ್ಕೂ ಶೈತ್ಯೀಕರಣಕ್ಕೂ ನಡುವಿನ ಅವಧಿ ಗೊತ್ತಿಲ್ಲದಿದ್ದರೆ ಇಂಥ ಅಂಗಾಂಶದ ಗಾಬಾ ಸಂಖ್ಯೆಗೆ ಬೆಲೆಯೇ ಇಲ್ಲ.

ಕಣಜದ ಜೋಳ, ತಟ್ಟಿದ ರೊಟ್ಟಿ

ಎಲ್ಲವನ್ನೂ ಸರಿಯಾಗಿ ಮಾಡಿದರೆನ್ನೋಣ. ಆಗ ಸಿಕ್ಕ 10 ಮೈಕ್ರೋಮೋಲ್ ಎಂಬ ಸಂಖ್ಯೆ ಯಾವುದರದು? ಅರೆದಾಗ ನರಕೋಶ, ಅದಕ್ಕೆ ಆಸರೆಯಾದ ಗ್ಲಯಾ ಕೋಶ, ರಕ್ತನಾಳ, ಸಂದೇಶದ ಕೋಶಿಕೆಗಳು ಎಲ್ಲ ಒಂದಾದವು. ಕೋಶಗಳ ಒಳಗೆ ಗ್ಲುಟಮೇಟಿನ ಸಾಂದ್ರತೆ ಲೀಟರಿಗೆ ಹತ್ತು ಮಿಲಿಮೋಲ್‌ನ ಆಸುಪಾಸು. ಸಂದೇಶ ಹೊರುವ ಪುಟ್ಟ ಕೋಶಿಕೆಗಳಲ್ಲಿ ನೂರರಷ್ಟು. ಕೋಶಗಳ ಹೊರಗಿನ ದ್ರವದಲ್ಲಿ ಕೆಲವೇ ಮೈಕ್ರೋಮೋಲ್ ಅಥವಾ ಅದಕ್ಕೂ ಕಡಿಮೆ. ನರಸಂಧಿಯಲ್ಲಿ ಸಂದೇಶ ಹಾಯುವಾಗ ಗ್ಲುಟಮೇಟ್ ಸುಮಾರು ಒಂದು ಮಿಲಿಮೋಲಾರ್‌ಗೆ ಏರಿ, ಒಂದು ಮಿಲಿಸೆಕೆಂಡಿನಷ್ಟರಲ್ಲಿ ಇಳಿದುಹೋಗುತ್ತದೆ ಎಂದು 1992ರಲ್ಲಿ ಕ್ಲೆಮೆಂಟ್ಸ್ ಮತ್ತು ಸಂಗಡಿಗರು ಅಂದಾಜಿಸಿದರು. ಸಂದೇಶವೆಂದರೆ ಈ ಏರಿಳಿತ. ಅರೆದ ಮಿದುಳಿನಲ್ಲಿ ಅದರ ಗುರುತು ಉಳಿಯುವುದಿಲ್ಲ.

ಊರಿನ ಎಲ್ಲ ಮನೆಗಳ ಕಣಜದ ಜೋಳವನ್ನು ಒಟ್ಟು ಮಾಡಿ ತೂಗಿದಿರಿ. ಇವತ್ತು ಯಾವ ಮನೆಯಲ್ಲಿ ಎಷ್ಟು ರೊಟ್ಟಿ ತಟ್ಟಿದರು, ಯಾರು ಉಂಡರು, ಯಾರು ಉಪವಾಸ ಮಲಗಿದರು ಎಂಬುದು ಆ ತೂಕದಿಂದ ತಿಳಿಯುತ್ತದೆಯೇ? ಜೋಳ ಪೂರ್ತಿ ಖಾಲಿಯಾಗಿದ್ದರೆ ಏನಾದರೂ ಹೇಳಬಹುದು. ನೂರು ಚೀಲದ ಜಾಗದಲ್ಲಿ ತೊಂಬತ್ತು ಇದ್ದರೆ?

ಜೀವಂತ ಪ್ರಾಣಿಯ ಮಿದುಳಿಗೆ ಸೂಕ್ಷ್ಮ ನಳಿಕೆ ಇಳಿಸಿ ಹೊರಗಿನ ದ್ರವವನ್ನಷ್ಟೇ ಸಂಗ್ರಹಿಸಿ ಅಳೆಯುವ ಮೈಕ್ರೋಡಯಾಲಿಸಿಸ್ ಎಂಬ ವಿಧಾನ ಈ ಮಟ್ಟಿಗೆ ಮೇಲು. ಆದರೆ ಅಲ್ಲೂ ಒಂದು ಮಾದರಿ ಸಂಗ್ರಹಕ್ಕೆ ಹತ್ತು ನಿಮಿಷವಾದರೆ ಅದು ಮಿಲಿಸೆಕೆಂಡಿನ ಘಟನೆಯ ಆರು ಲಕ್ಷ ಪಟ್ಟು. ಮನುಷ್ಯರಲ್ಲಿ ಕಾಂತೀಯ ಅನುರಣನ ರೋಹಿತ ವಿಧಾನದಿಂದ ತಲೆ ತೆರೆಯದೆಯೇ ಗ್ಲುಟಮೇಟ್, ಗಾಬಾ ಅಳೆಯುತ್ತಾರೆ. ಭೌತವಿಜ್ಞಾನದ ಹೆಮ್ಮೆಯ ಉಪಕರಣ. ಅದು ಅಳೆಯುವುದೂ ಬಹುಮಟ್ಟಿಗೆ ಕಣಜವನ್ನೇ.

ಎಷ್ಟು ಇಲಿಗಳು?

ಸಂಖ್ಯಾಶಾಸ್ತ್ರದ ಭಾಗವನ್ನು ಓದುಗರು ಹಾರಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಕೆಲವೊಮ್ಮೆ ಬರೆದವರೂ. ಮೂರು ಇಲಿಗಳ ಸಾರವನ್ನು ತಲಾ ಮೂರು ಸಲ ಉಪಕರಣಕ್ಕೆ ಹಾಕಿ ‘ಒಂಬತ್ತು ಮಾದರಿಗಳು’ ಎಂದು ಬರೆಯುವ ರೂಢಿ ಇದೆ. ಹೋಲಿಕೆಯ ಗುಂಪಿನ ಗಾಬಾ ಗ್ರಾಮಿಗೆ 2.0, ಫ್ಲೋರೈಡ್ ಗುಂಪಿನದು 2.3 ಮೈಕ್ರೋಮೋಲ್, ಎರಡರಲ್ಲೂ ಮಾನಕ ವಿಚಲನೆ 0.28 ಎಂದುಕೊಳ್ಳಿ. ಗುಂಪಿಗೆ ಒಂಬತ್ತು ಎಂದು ಹಿಡಿದರೆ ‘ಟಿ’ ಬೆಲೆ ಸುಮಾರು 2.27; ಬೇಕಾದ 2.12ನ್ನು ದಾಟಿ, ವ್ಯತ್ಯಾಸ ‘ಅರ್ಥಪೂರ್ಣ’ವಾಯಿತು. ನಿಜ ಹೇಳಿ ಗುಂಪಿಗೆ ಮೂರು ಎಂದರೆ ‘ಟಿ’ 1.31, ಬೇಕಾದದ್ದು 2.78. ವ್ಯತ್ಯಾಸ ಮಾಯ! ಒಂದೇ ಸಾರವನ್ನು ಮೂರು ಸಲ ಅಳೆದರೆ ಉಪಕರಣದ ಸ್ಥಿರತೆ ತಿಳಿಯುತ್ತದೆ, ಇಲಿಗಳ ವೈವಿಧ್ಯ ತಿಳಿಯುವುದಿಲ್ಲ. ಒಬ್ಬ ಹುಡುಗನ ಎತ್ತರವನ್ನು ಮೂವತ್ತು ಸಲ ಅಳೆದು ತರಗತಿಯ ಸರಾಸರಿ ಎನ್ನುವುದುಂಟೇ?

ಪ್ರಮಾಣದ ಘಟಕಗಳಲ್ಲೂ ಜಾರುಬಂಡೆ ಇದೆ. 100 ಪಿ.ಪಿ.ಎಂ. ಸೋಡಿಯಂ ಫ್ಲೋರೈಡ್ ಎಂದರೆ 100 ಪಿ.ಪಿ.ಎಂ. ಫ್ಲೋರೈಡ್ ಅಲ್ಲ. ಅಣುತೂಕ 42ರಲ್ಲಿ ಫ್ಲೋರೀನಿನ ಪಾಲು 19. ಹಾಗಾಗಿ ಅದು ಸುಮಾರು 45. ಈ ಎರಡನ್ನು ಅದಲುಬದಲು ಮಾಡಿದ ವರದಿಗಳನ್ನು ನೋಡಿದ್ದೇನೆ. ಇನ್ನು 45 ಎಂಬುದೂ 1.5ರ ಮೂವತ್ತು ಪಟ್ಟು. ಇಲಿಯ ರಕ್ತದಲ್ಲಿ ಮನುಷ್ಯನಷ್ಟು ಫ್ಲೋರೈಡ್ ಮಟ್ಟ ಬರಲು ಹಲವು ಪಟ್ಟು ಹೆಚ್ಚು ಸಾಂದ್ರತೆಯ ನೀರು ಕುಡಿಸಬೇಕೆಂಬ ಸಮರ್ಥನೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಆ ಸಮರ್ಥನೆಯನ್ನು ವರದಿಯಲ್ಲಿ ಬರೆದು ವಾದಿಸಬೇಕು. ಓದುಗ ಊಹಿಸಿಕೊಳ್ಳಲಿ ಎಂದು ಬಿಡಬಾರದು.

ಹಾಗಾದರೆ ಮಕ್ಕಳ ವಿಷಯ?

ಇಲ್ಲಿ ಎಚ್ಚರ ಬೇಕು. ಇಲಿಯ ಮಿದುಳಿನ ಅಳತೆ ದುರ್ಬಲ ಎಂದ ಮಾತ್ರಕ್ಕೆ ಫ್ಲೋರೈಡ್ ನಿರಪಾಯ ಎಂದಾಗುವುದಿಲ್ಲ. ಅಂಥ ಸಮಾಧಾನ ಹೇಳಲು ಇದನ್ನು ಬರೆಯುತ್ತಿಲ್ಲ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ಸಮೀಕ್ಷೆ, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿನ ಫ್ಲೋರೈಡ್ ನೀರಿಗೂ ಮಕ್ಕಳ ಬುದ್ಧಿಲಬ್ಧ ಕಡಿಮೆಯಿರುವುದಕ್ಕೂ ಸಂಬಂಧವಿದೆ ಎಂದು ‘ಮಧ್ಯಮ ಮಟ್ಟದ ವಿಶ್ವಾಸ’ದಿಂದ ಹೇಳಿತು. 0.7 ಮಿಲಿಗ್ರಾಂ ಮಟ್ಟದ ಬಗ್ಗೆ ತೀರ್ಮಾನಿಸಲು ಮಾಹಿತಿ ಸಾಲದು ಎಂದೂ ಹೇಳಿತು. ನಮ್ಮ ಜಿಲ್ಲೆಯ ಕೆಲವು ಬಾವಿಗಳು 1.5ರ ಮೇಲಿವೆ, ಆದ್ದರಿಂದ ಈ ಮಾತು ನಮಗೆ ತಟ್ಟುತ್ತದೆ. ಆದರೆ ಆ ತೀರ್ಮಾನ ನಿಂತಿರುವುದು ಮಕ್ಕಳನ್ನೇ ಪರೀಕ್ಷಿಸಿದ ಅಧ್ಯಯನಗಳ ಮೇಲೆ, ಅರೆದ ಹಿಪೊಕ್ಯಾಂಪಸ್ ಮೇಲಲ್ಲ.

ಅಂಥ ಅಧ್ಯಯನಗಳನ್ನೂ ಅದೇ ಕಣ್ಣಿನಿಂದ ಓದಬೇಕು. ನೆರೆಯ ಬಾಗಲಕೋಟೆ ಜಿಲ್ಲೆಯ ಶಾಲಾ ಮಕ್ಕಳ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹಲ್ಲಿನ ಫ್ಲೋರೋಸಿಸ್ ಇದ್ದ ಮಕ್ಕಳ ಸರಾಸರಿ ಬುದ್ಧಿಲಬ್ಧ 66ರ ಆಸುಪಾಸು, ಇಲ್ಲದವರದು 76ರ ಆಸುಪಾಸು. ಹತ್ತು ಅಂಕಗಳ ವ್ಯತ್ಯಾಸ ದೊಡ್ಡದೇ. ಆದರೆ ಎರಡನೆಯ ಸಂಖ್ಯೆಯನ್ನು ನೋಡಿ. ಜನಸಮುದಾಯದ ಸರಾಸರಿ 100 ಬರುವಂತೆ ರೂಪಿಸಿದ ಪರೀಕ್ಷೆಯಲ್ಲಿ ಫ್ಲೋರೋಸಿಸ್ ಇಲ್ಲದ ಮಕ್ಕಳೇ 76 ಪಡೆದರೆ, ಆ ಪರೀಕ್ಷೆ ಈ ಮಕ್ಕಳಿಗೆ ಹೊಂದುತ್ತದೆಯೇ, ಊಟ, ಬಡತನ, ಶಾಲೆಯ ಸ್ಥಿತಿ ಎಷ್ಟು ಪಾಲು ಪಡೆದಿವೆ ಎಂದು ಕೇಳದೆ ಮುಂದೆ ಹೋಗುವಂತಿಲ್ಲ. ಕೆಟ್ಟ ನೀರು ಕುಡಿಯುವ ಮನೆ ಸಾಮಾನ್ಯವಾಗಿ ಉಳಿದ ವಿಷಯಗಳಲ್ಲೂ ಕಷ್ಟದಲ್ಲಿರುವ ಮನೆ.

ಶಿಕ್ಷಕರಾಗಿ ನಿಮಗೆ ಇದರ ಪರಿಣಾಮ ಚೆನ್ನಾಗಿ ಗೊತ್ತು. ಹಲ್ಲು ಕಂದಿದ ಮಗುವನ್ನು ನೋಡಿ ‘ಇದಕ್ಕೆ ತಲೆಗೆ ಹತ್ತುವುದಿಲ್ಲ, ನೀರಿನ ದೋಷ’ ಎಂದು ಕೈಬಿಡಲು ಒಂದು ವೈಜ್ಞಾನಿಕ ಪದ ಸಿಕ್ಕಂತಾಗುತ್ತದೆ. ಗುಂಪಿನ ಸರಾಸರಿಯಿಂದ ಒಂದು ಮಗುವಿನ ಬಗ್ಗೆ ಏನೂ ಹೇಳಲಾಗದು. ಮತ್ತೊಂದು ಕಡೆ, ಶುದ್ಧ ನೀರಿನ ಬೇಡಿಕೆಯನ್ನು ಇಂಥ ಸಡಿಲ ವಾದದ ಮೇಲೆ ನಿಲ್ಲಿಸಿದರೆ ಎದುರಿನವರು ವಾದವನ್ನು ಕೆಡವಿ ಬೇಡಿಕೆಯನ್ನೂ ಕೆಡವುತ್ತಾರೆ. ಆ ಬೇಡಿಕೆಗೆ ಗಾಬಾದ ಆಸರೆ ಬೇಕೇ ಇಲ್ಲ. 1937ರಲ್ಲಿಯೇ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದರಾಸು ಪ್ರಾಂತ್ಯದಲ್ಲಿ ಫ್ಲೋರೈಡ್ ನೀರಿನಿಂದ ಮೂಳೆ, ಕೀಲುಗಳು ಬಿಗಿದ ರೋಗಿಗಳನ್ನು ವರ್ಣಿಸಿದ್ದರು. ಹಲ್ಲು ಮತ್ತು ಮೂಳೆಯ ಸಾಕ್ಷ್ಯವೇ ಸಾಕಷ್ಟು ಗಟ್ಟಿಯಾಗಿದೆ.

ದ್ರವ ವರ್ಣರೇಖನದ ಉತ್ತಮ ಉಪಕರಣಗಳು ಈಗ ದೂರದ ಊರಿನ ವಸ್ತುಗಳಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪೀಡೆನಾಶಕ ಅವಶೇಷಗಳನ್ನು ಪರೀಕ್ಷಿಸುವ ಪ್ರಯೋಗಾಲಯವಿದೆ. ಅಂಥ ಕಡೆ ದ್ರವ ವರ್ಣರೇಖನಕ್ಕೆ ದ್ರವ್ಯರಾಶಿ ರೋಹಿತಮಾಪಕವನ್ನು ಜೋಡಿಸುತ್ತಾರೆ. ತಂಗುವ ಕಾಲವೊಂದನ್ನೇ ನಂಬದೆ ಅಣುವಿನ ತೂಕವನ್ನೂ, ಅದು ಒಡೆದಾಗ ಸಿಗುವ ಚೂರುಗಳ ತೂಕವನ್ನೂ ಕೇಳುತ್ತಾರೆ. ಒಂದು ಕೀಟನಾಶಕ ಇದೆ ಎನ್ನಲು ಇಷ್ಟು ಸಾಕ್ಷ್ಯ ಬೇಕೆಂದಾದರೆ, ಒಂದು ಮಿದುಳಿನ ಶಿಖರಕ್ಕೆ ಹೆಸರಿಡಲು ಅದಕ್ಕಿಂತ ಕಡಿಮೆ ಏಕೆ ಸಾಕು?

ಉಪಕರಣವಿಲ್ಲದ ದೇವದುರ್ಗದ ಅಥವಾ ಮಾನ್ವಿಯ ಕಾಲೇಜಿನಲ್ಲೂ ಈ ಪ್ರಶ್ನೆಯನ್ನು ಮೇಜಿನ ಮೇಲೆ ಇಡಬಹುದು. ಸೋಸುಕಾಗದದ ಪಟ್ಟಿಯ ಮೇಲೆ ಗ್ಲೈಸೀನ್, ಸೆರೀನ್, ಆಸ್ಪಾರ್ಟಿಕ್ ಆಮ್ಲ, ಅಲನೀನ್‌ಗಳ ಚುಕ್ಕೆಗಳನ್ನೂ ಮೊಳಕೆ ಹೆಸರುಕಾಳಿನ ಸಾರದ ಒಂದು ಚುಕ್ಕೆಯನ್ನೂ ಇಟ್ಟು, ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರಿನ ಮಿಶ್ರಣದಲ್ಲಿ ಹರಿಯಲು ಬಿಡಿ. ಒಣಗಿಸಿ, ಗಾಳಿಯಾಡುವ ಜಾಗದಲ್ಲಿ ಕೈಗವಸು ತೊಟ್ಟು ನಿನ್‌ಹೈಡ್ರಿನ್ ಸಿಂಪಡಿಸಿ ಕಾಯಿಸಿ. ಅಲನೀನ್ ಸ್ಪಷ್ಟವಾಗಿ ಮೇಲೆ ಹೋಗಿರುತ್ತದೆ. ಗ್ಲೈಸೀನ್, ಸೆರೀನ್, ಆಸ್ಪಾರ್ಟಿಕ್ ಆಮ್ಲ ಮೂರೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ, ದ್ರಾವಕ ಏರಿದ ದೂರದ ಸುಮಾರು ಕಾಲುಭಾಗಕ್ಕೆ, ನಿಂತಿರುತ್ತವೆ. ಸಾರದ ಚುಕ್ಕೆಯೂ ಅಲ್ಲೊಂದು ಕಲೆ ತೋರಿಸಿದರೆ ಅದು ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಬರೆಯಿಸಿ. ಆಮೇಲೆ ಪ್ರೊಪನಾಲ್ ಮತ್ತು ಅಮೋನಿಯದ ಎರಡನೆಯ ದ್ರಾವಕದಲ್ಲಿ ಮತ್ತೊಂದು ಪಟ್ಟಿಯನ್ನು ಹರಿಸಿ, ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿ.